ಆರು ತಾಲ್ಲೂಕಿನ ಮಳೆ, ಒಂದೇ ಗ್ರಾಫ್

ದಾವಣಗೆರೆ, 14 ಅಕ್ಟೋಬರ್ 2023, ಶನಿವಾರ

ಮುಂಗಾರು ಕೈಕೊಟ್ಟ ವರ್ಷವಾದ್ದರಿಂದ ನಮ್ಮ ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಪ್ರಾಜೆಕ್ಟಿಗೆ ಮಳೆಯ ಲೆಕ್ಕವನ್ನೇ ಆರಿಸಿಕೊಂಡವರು ಹೆಚ್ಚು. ಅವರಲ್ಲೊಬ್ಬಳು ದಾವಣಗೆರೆ, ಹರಿಹರ, ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಈ ಆರೂ ತಾಲ್ಲೂಕುಗಳ ತಿಂಗಳವಾರು ಮಳೆಯನ್ನು ‘ಆರ್’ (R) ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಒಂದೇ ಗ್ರಾಫಿನ ಮೇಲೆ ತೋರಿಸಲು ಹೊರಟಿದ್ದಾಳೆ. ಇಂದಿನ ಮಧ್ಯಾಹ್ನ ಅದಕ್ಕೇ ಮೀಸಲಾಯಿತು.

ಅವಳು ಮೊದಲು ಜಗಳೂರಿನ ಅಂಕಿಗಳನ್ನು ‘ಪ್ಲಾಟ್’ ಆಜ್ಞೆಯಿಂದ ಬಿಡಿಸಿ, ಉಳಿದ ಐದನ್ನು ‘ಪಾಯಿಂಟ್ಸ್’ ಆಜ್ಞೆಯಿಂದ ಅದರ ಮೇಲೆ ಸೇರಿಸಿದ್ದಳು. “ಸರ್, ಚನ್ನಗಿರಿಯ ಜುಲೈ ಚುಕ್ಕೆ ಫೈಲಿನಲ್ಲಿದೆ, ಚಿತ್ರದಲ್ಲಿಲ್ಲ” ಎಂಬುದು ಅವಳ ದೂರು. ಅಕ್ಷಗಳ ಮಿತಿಯನ್ನು ಮೊದಲ ಆಜ್ಞೆಯೇ ಗೊತ್ತುಮಾಡಿಬಿಡುತ್ತದೆ. ಜಗಳೂರು ಬಯಲುಸೀಮೆಯ ಒಣ ತಾಲ್ಲೂಕಾದ್ದರಿಂದ ಲಂಬ ಅಕ್ಷವು ಅಲ್ಲಿನ ಮಳೆಯ ಗರಿಷ್ಠಕ್ಕೇ ನಿಂತಿತ್ತು. ಆ ಚೌಕಟ್ಟನ್ನು ಮೀರಿದ ಚುಕ್ಕೆಗಳನ್ನು ಆರ್ ಒಂದು ಎಚ್ಚರಿಕೆಯನ್ನೂ ಕೊಡದೆ ಕತ್ತರಿಸಿಹಾಕುತ್ತದೆ. ಆರೂ ಗುಂಪುಗಳ ಕನಿಷ್ಠ, ಗರಿಷ್ಠಗಳನ್ನು ‘ರೇಂಜ್’ ಆಜ್ಞೆಯಿಂದ ಮೊದಲೇ ಪಡೆದು, ಲಂಬ ಅಕ್ಷದ ಮಿತಿಯನ್ನು ಹೇಳುವ ‘ವೈಲಿಮ್’ಗೆ ಕೊಟ್ಟ ಮೇಲೆ ಚನ್ನಗಿರಿ ಪೂರ್ತಿಯಾಗಿ ಕಾಣಿಸಿತು.

ಇದಕ್ಕೆ ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುವ ಇನ್ನೊಂದು ಅಡ್ಡದಾರಿ ‘ಪಾರ್’ ಆಜ್ಞೆಯಲ್ಲಿ ‘ನ್ಯೂ’ವನ್ನು ‘ಟ್ರೂ’ ಮಾಡುವುದು, ಅಂದರೆ ಹಳೆಯ ಚಿತ್ರವನ್ನು ಅಳಿಸದೆ ಹೊಸದನ್ನು ಅದರ ಮೇಲೆಯೇ ಬಿಡಿಸುವುದು. ನಾನು ಅದನ್ನು ತರಗತಿಯಲ್ಲಿ ಹೇಳಿಕೊಡುವುದಿಲ್ಲ. ಎರಡನೆಯ ಗ್ರಾಫ್ ತನ್ನದೇ ಅಳತೆಯೊಂದಿಗೆ ಮೊದಲನೆಯದರ ಮೇಲೆ ಬಂದು ಕೂರುವುದರಿಂದ, ಒಂದೇ ಎತ್ತರದಲ್ಲಿರುವ ಎರಡು ಚುಕ್ಕೆಗಳು ಬೇರೆ ಬೇರೆ ಮಿಲಿಮೀಟರ್ ಮಳೆಯನ್ನು ಸೂಚಿಸಬಹುದು. ಅಕ್ಷದ ಅಂಕಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುವುದೊಂದೇ ಆಗ ನಮಗೆ ಸಿಗುವ ಸುಳಿವು.

ಆದ್ದರಿಂದ ಕೋಷ್ಟಕವನ್ನೇ ಬದಲಿಸಿದೆವು. ತಾಲ್ಲೂಕಿಗೊಂದು ಕಾಲಂ ಇದ್ದುದನ್ನು ‘ಪಿವಟ್ ಲಾಂಗರ್’ ಮೂಲಕ ತಾಲ್ಲೂಕು, ತಿಂಗಳು, ಮಳೆ ಎಂಬ ಮೂರೇ ಕಾಲಂಗಳ 72 ಸಾಲುಗಳಾಗಿ ಉದ್ದಕ್ಕೆ ಇಳಿಸಿದರೆ, ಆರ್‌ನಲ್ಲಿ ಚಿತ್ರ ಬಿಡಿಸುವ ಪ್ಯಾಕೇಜಾದ ಜಿಜಿಪ್ಲಾಟ್2ಕ್ಕೆ ಬಣ್ಣವನ್ನು ತಾಲ್ಲೂಕಿಗೆ ಹೊಂದಿಸಲು ಹೇಳಿದರೆ ಸಾಕು. ಅಕ್ಷದ ಮಿತಿ, ಬಣ್ಣಗಳ ಸೂಚಿ ಎರಡನ್ನೂ ಅದೇ ನೋಡಿಕೊಳ್ಳುತ್ತದೆ. ಇಲ್ಲಿಯೂ ಒಂದು ತೊಡಕು ಬಂತು. ಅವಳ ಫೈಲಿನಲ್ಲಿ ತಾಲ್ಲೂಕುಗಳು 1ರಿಂದ 6ರವರೆಗಿನ ಸಂಕೇತಗಳಾಗಿದ್ದವು. ತಂತ್ರಾಂಶವು ಅವನ್ನು ಅಳತೆಯ ಸಂಖ್ಯೆಗಳೆಂದೇ ತಿಳಿದು ಕಡುನೀಲಿಯಿಂದ ತಿಳಿನೀಲಿಗೆ ಜಾರುವ ಒಂದೇ ಬಣ್ಣಪಟ್ಟಿಯನ್ನು ಕೊಟ್ಟಿತಲ್ಲದೆ, ಆರು ಗೆರೆಗಳ ಬದಲು ಪ್ರತಿ ತಿಂಗಳಲ್ಲೂ ನೆಟ್ಟಗೆ ಮೇಲೇರಿ ಕೆಳಗಿಳಿಯುವ, ಗರಗಸದ ಹಲ್ಲಿನಂತಹ ಒಂದೇ ಗೆರೆಯನ್ನು ಎಳೆಯಿತು. ಆ ಕಾಲಂ ಅನ್ನು ‘ಫ್ಯಾಕ್ಟರ್’ (ಅಳತೆಯ ಸಂಖ್ಯೆಯಲ್ಲ, ಗುಂಪಿನ ಗುರುತು) ಮಾಡಿದ ಕೂಡಲೇ ಆರು ಗೆರೆಗಳು ಬೇರೆಯಾದವು. ತಿಂಗಳುಗಳಿಗೂ ಕ್ರಮವನ್ನು ನಾವೇ ಕೊಡಬೇಕು; ಇಲ್ಲವಾದರೆ ಕನ್ನಡದ ಹೆಸರುಗಳು ಅಕ್ಷರಾನುಕ್ರಮದಲ್ಲಿ ನಿಂತು, ವರ್ಷವು ಅಕ್ಟೋಬರ್, ಆಗಸ್ಟ್, ಏಪ್ರಿಲ್ ಎಂದು ಆರಂಭವಾಗುತ್ತದೆ.

ಗೆರೆಗಳೇನೋ ಸರಿಯಾದವು, ಆದರೆ ಓದಲು ಸುಲಭವಾಗಲಿಲ್ಲ. ಅಕ್ಕಪಕ್ಕದ ಹೊನ್ನಾಳಿ, ನ್ಯಾಮತಿಗಳ ಗೆರೆಗಳು ವರ್ಷದ ಬಹುಪಾಲು ಒಂದರೊಳಗೊಂದು ಹೆಣೆದುಕೊಂಡಿದ್ದವು. ನನ್ನ ಮಟ್ಟಿಗೆ ಒಂದೇ ಚೌಕಟ್ಟಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಗೆರೆಗಳಿದ್ದರೆ ಕಣ್ಣು ಸೂಚಿಗೂ ಚಿತ್ರಕ್ಕೂ ಅಲೆದಾಡುವುದರಲ್ಲೇ ದಣಿಯುತ್ತದೆ. ಕೊನೆಗೆ ‘ಫೇಸೆಟ್ ರ‍್ಯಾಪ್’ ಬಳಸಿ ಆರು ಪುಟ್ಟ ಚೌಕಟ್ಟುಗಳನ್ನು ಮಾಡಿ, ಪ್ರತಿಯೊಂದರಲ್ಲೂ ಆರೂ ತಾಲ್ಲೂಕುಗಳನ್ನು ಬೂದುಬಣ್ಣದಲ್ಲಿಟ್ಟು, ಆಯಾ ತಾಲ್ಲೂಕನ್ನು ಮಾತ್ರ ಗಾಢ ಬಣ್ಣದಲ್ಲಿ ಎಳೆದೆವು. ಚೌಕಟ್ಟುಗಳನ್ನು ಬೇರ್ಪಡಿಸುವ ಕಾಲಂ ಒಂದು ಪದರದ ದತ್ತಾಂಶದಲ್ಲಿ ಇಲ್ಲದಿದ್ದರೆ ಆ ಪದರ ಎಲ್ಲ ಚೌಕಟ್ಟುಗಳಲ್ಲೂ ಮರುಕಳಿಸುತ್ತದೆ. ಹಾಗಾಗಿ ಬೂದು ಪದರಕ್ಕೆ ಕೊಟ್ಟ ಪ್ರತಿಯಲ್ಲಿ ತಾಲ್ಲೂಕಿನ ಕಾಲಂಗೆ ಬೇರೆ ಹೆಸರಿಟ್ಟು, ಗೆರೆಗಳು ಕೂಡಿಕೊಳ್ಳದಂತೆ ಆ ಹೊಸ ಹೆಸರನ್ನೇ ‘ಗ್ರೂಪ್’ಗೆ ಕೊಟ್ಟೆವು. ಚೌಕಟ್ಟಿಗೊಂದು ಅಳತೆ ಬೇಡವೆಂದು ಮಾತ್ರ ನಾನು ಹಟ ಹಿಡಿದೆ, ಏಕೆಂದರೆ ಹಾಗೆ ಬಿಟ್ಟರೆ ಜಗಳೂರಿನ ಮಳೆಯೂ ಚನ್ನಗಿರಿಯಷ್ಟೇ ಎತ್ತರಕ್ಕೆ ಕಾಣುತ್ತದೆ.

ಕನ್ನಡದ ಹೆಸರುಗಳಿರುವ ಚಿತ್ರವನ್ನು ಮಾಮೂಲಿ ‘ಪಿಡಿಎಫ್’ ಆಜ್ಞೆಯಿಂದ ಉಳಿಸಿದಾಗ ಅಕ್ಷರಗಳ ಜಾಗದಲ್ಲಿ ಬರಿಯ ಚುಕ್ಕೆಗಳು ಬಂದಿದ್ದವು. ‘ಕೈರೋ ಪಿಡಿಎಫ್’ಗೆ ಬದಲಿಸಿದ ಮೇಲೆ ಚನ್ನಗಿರಿ, ಹೊನ್ನಾಳಿಗಳ ಒತ್ತಕ್ಷರಗಳೂ ಸರಿಯಾಗಿ ಮೂಡಿದವು, ಆ ಪ್ರತಿಯನ್ನೇ ಅವಳು ಸೋಮವಾರ ಮಾರ್ಗದರ್ಶಕರಿಗೆ ಒಪ್ಪಿಸಲಿದ್ದಾಳೆ.