ಬ್ರೆಕ್ಸಿಟ್ ಮಾಡಿದ್ದು ಯಾವ ಪಾರ್ಟಿ?

ಊರಿಗೆ ಹೋದಾಗೆಲ್ಲ ಈ ಪ್ರಶ್ನೆ ತಪ್ಪುವುದಿಲ್ಲ. ಹಾಸನದಲ್ಲಿ ನಮ್ಮ ಮನೆಯ ಜಗಲಿ ಮೇಲೆ ಕೂತು, ಪೇಪರ್ ಮಡಚಿ ಪಕ್ಕಕ್ಕಿಟ್ಟು, ಚಿಕ್ಕಪ್ಪ ಶುರು ಮಾಡುತ್ತಾರೆ: "ಅಲ್ಲಮ್ಮ, ನಿಮ್ಮ ಇಂಗ್ಲೆಂಡಿನವರು ಯುರೋಪ್ ಬಿಟ್ಟು ಹೊರಗೆ ಬಂದ್ರಲ್ಲ, ಅದನ್ನ ಮಾಡಿದ್ದು ಯಾವ ಪಾರ್ಟಿ?" ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲೂ ಇದೇ ಪ್ರಶ್ನೆ. ಒಂದು ಪಕ್ಷದ ಹೆಸರು ಹೇಳಿಬಿಟ್ಟರೆ ಎಲ್ಲರಿಗೂ ಸಮಾಧಾನ. ಯಾರಿಗೆ ಬೈಯಬೇಕು, ಯಾರನ್ನು ಹೊಗಳಬೇಕು ಅಂತ ತಿಳಿದ ಹಾಗಾಯಿತಲ್ಲ.

"ಕನ್ಸರ್ವೇಟಿವ್ ಪಕ್ಷ" ಅಂದರೆ ಸುಳ್ಳೇನಲ್ಲ. ಯುರೋಪಿನ ದೇಶಗಳ ಕೂಟವಾದ ಯುರೋಪಿಯನ್ ಒಕ್ಕೂಟದಲ್ಲಿ ಇರೋಣವಾ, ಬಿಡೋಣವಾ ಅಂತ 2016ರಲ್ಲಿ ಜನರ ಮತ ಕೇಳಿದ್ದು ಅವರ ಸರ್ಕಾರ, ಕೊನೆಗೆ ಹೊರಗೆ ಕರೆದುಕೊಂಡು ಬಂದಿದ್ದೂ ಅವರದೇ ಸರ್ಕಾರ. ಆದರೆ ಮತ ಕೇಳಿದ ಪ್ರಧಾನಿ ಡೇವಿಡ್ ಕ್ಯಾಮರನ್ "ಒಳಗೇ ಇರೋಣ" ಅಂತ ಪ್ರಚಾರ ಮಾಡಿದವರು. ಅವರ ನಂತರ ಬಂದ ಥೆರೆಸಾ ಮೇ ಕೂಡ ಅದೇ ಕಡೆ ಇದ್ದವರು. ಇಷ್ಟು ಹೇಳುವಷ್ಟರಲ್ಲಿ ಚಿಕ್ಕಪ್ಪನ ಮುಖ ಗಂಟಿಕ್ಕುತ್ತದೆ.

ಮೊದಲು ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ. ನಾನು ನರ್ಸ್. 2011ರಿಂದ ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಊರಿನಲ್ಲಿದ್ದೇನೆ. ಇಲ್ಲಿ ಕೆಲಸಕ್ಕೆ ಸೇರಲು ಇಂಗ್ಲಿಷ್ ಪರೀಕ್ಷೆ ಬರೆಯಬೇಕಿತ್ತು. ನಾಲ್ಕೂ ಭಾಗದಲ್ಲಿ 7 ಬರಬೇಕು. ಮೊದಲ ಸಲ ಬರವಣಿಗೆಯಲ್ಲಿ 6.5 ಬಂತು. ಅರ್ಧ ಅಂಕಕ್ಕೆ ಮತ್ತೆ ಫೀಸು, ಮತ್ತೆ ಓದು, ಮತ್ತೆ ಕಾಯುವುದು. ಕೊನೆಗೂ ಬಂದು ವಾರ್ಡಿನಲ್ಲಿ ನಿಂತರೆ, ಪಕ್ಕದಲ್ಲಿ ಪೋರ್ಚುಗಲ್‌ನಿಂದ ಬಂದ ಹುಡುಗಿ. ಅವಳಿಗೆ ಆ ಪರೀಕ್ಷೆಯೇ ಇರಲಿಲ್ಲ. ಒಕ್ಕೂಟದ ದೇಶದವಳಾದ್ದರಿಂದ ವೀಸಾನೂ ಬೇಕಿರಲಿಲ್ಲ. ಯುರೋಪಿನ ನರ್ಸ್‌ಗಳಿಗೂ ಭಾಷೆ ಗೊತ್ತಿರಬೇಕು ಅನ್ನುವ ನಿಯಮ ಬಂದಿದ್ದೇ 2016ರ ಜನವರಿಯಲ್ಲಿ. ಅವಳು ಒಳ್ಳೆಯವಳು, ನೈಟ್ ಡ್ಯೂಟಿಯಲ್ಲಿ ನನಗೆ ಎಷ್ಟೋ ಸಲ ಚಹಾ ಮಾಡಿಕೊಟ್ಟಿದ್ದಾಳೆ. ಆದರೂ ಹೊಟ್ಟೆಯೊಳಗೆ ಒಂದು ಕಿಡಿ ಇದ್ದೇ ಇತ್ತು.

2016ರ ಜೂನ್ 23ಕ್ಕೆ ಮತದಾನ. ವಿಚಿತ್ರ ಏನು ಗೊತ್ತಾ? ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ನನಗೆ ಓಟಿತ್ತು. ಕಾಮನ್‌ವೆಲ್ತ್ ದೇಶದವರು ಇಲ್ಲಿ ವಾಸವಾಗಿದ್ದರೆ ಓಟು ಹಾಕಬಹುದು. ಪೋರ್ಚುಗಲ್ ಹುಡುಗಿಗೆ ಓಟಿಲ್ಲ. ಅವಳ ಬದುಕು ಏನಾಗಬೇಕು ಅಂತ ನಾನು ಗುರುತು ಹಾಕಬೇಕು, ಅವಳು ಸುಮ್ನೆ ನೋಡಬೇಕು.

ನಾನು ಹೊರಗೆ ಹೋಗೋಣ ಅಂತ ಹಾಕಿದೆ. ಲೀವ್. ನನ್ನ ಗಂಡ ಒಳಗೇ ಇರೋಣ ಅಂತ ಹಾಕಿದರು. ರಿಮೇನ್. ಮತಗಟ್ಟೆಗೆ ಇಬ್ಬರೂ ಒಟ್ಟಿಗೆ ನಡೆದುಕೊಂಡೇ ಹೋಗಿದ್ದೆವು. ಆಗ ಇಬ್ಬರಲ್ಲಿ ಯಾರನ್ನೇ ಯಾವ ಪಕ್ಷದವರು ಅಂತ ಕೇಳಿದ್ದರೂ "ಲೇಬರ್" ಅನ್ನುತ್ತಿದ್ದೆವು. ಕನ್ಸರ್ವೇಟಿವ್‌ಗೆ ಎದುರಾಳಿಯಾದ ದೊಡ್ಡ ಪಕ್ಷ ಅದು.

ಇದನ್ನು ಹೇಳುವಾಗ ಚಿಕ್ಕಪ್ಪ ನನ್ನನ್ನು ಒಂಥರಾ ನೋಡುತ್ತಾರೆ. ಹೊರದೇಶಕ್ಕೆ ಹೋದವಳೇ ಹೊರಗಿನವರಿಗೆ ಬಾಗಿಲು ಹಾಕಿದಳಲ್ಲ ಅಂತ. ನಾನೊಬ್ಬಳೇ ಅಲ್ಲ. ಮತದಾನದ ದಿನ ಲಾರ್ಡ್ ಆಶ್‌ಕ್ರಾಫ್ಟ್ ನಡೆಸಿದ ದೊಡ್ಡ ಸಮೀಕ್ಷೆಯಲ್ಲಿ ಏಷ್ಯಾ ಮೂಲದವರ ಪೈಕಿ ಮೂವರಲ್ಲಿ ಇಬ್ಬರು ರಿಮೇನ್, ಒಬ್ಬರು ಲೀವ್. ನಮ್ಮ ಸ್ಲೌನಲ್ಲಿ ಪಂಜಾಬಿಗಳು, ಪಾಕಿಸ್ತಾನಿಗಳು, ನಮ್ಮಂಥವರು ಇಷ್ಟೊಂದು ಜನ ಇದ್ದರೂ ಲೀವ್‌ಗೆ 54 ಶೇಕಡಾಕ್ಕಿಂತ ಜಾಸ್ತಿ ಬಿತ್ತು. ಪ್ರೀತಿ ಪಟೇಲ್ ಅಂಥ ಮಂತ್ರಿಗಳು "ಯುರೋಪಿನವರು ಸಲೀಸಾಗಿ ಬರುತ್ತಾರೆ, ನಿಮ್ಮ ಹೋಟೆಲಿಗೆ ಅಡುಗೆಯವರನ್ನು ತರಿಸಲು ಮಾತ್ರ ನಿಮಗಾಗುತ್ತಿಲ್ಲ" ಎಂಬ ದೂರನ್ನೇ ಹಿಡಿದು ನಮ್ಮ ಕಡೆಯ ಅಡುಗೆ ಮಾಡುವ 'ಕರಿ' ಹೋಟೆಲಿನವರ ಓಟು ಕೇಳಿದ್ದರು. ಇಡೀ ದೇಶದ ಲೆಕ್ಕ 51.9ಕ್ಕೆ 48.1. ಇಂಗ್ಲೆಂಡ್, ವೇಲ್ಸ್ ಹೊರಗೆ ಅಂದವು. ಸ್ಕಾಟ್ಲೆಂಡ್ 62 ಶೇಕಡಾ ಒಳಗೆ ಅಂದಿತು. ಉತ್ತರ ಐರ್ಲೆಂಡ್ ಕೂಡ ಒಳಗೆ. ಲಂಡನ್ನಿನ ಲ್ಯಾಂಬೆತ್‌ನಲ್ಲಂತೂ ರಿಮೇನ್‌ಗೆ 78 ಶೇಕಡಾ ದಾಟಿತು. ಥೇಮ್ಸ್ ದಡದಲ್ಲಿ ನಮ್ಮ ಬಸವಣ್ಣನ ಪ್ರತಿಮೆ ಇದೆಯಲ್ಲ, ಅದು ಲ್ಯಾಂಬೆತ್‌ನಲ್ಲೇ. "ನೋಡು, ಬಸವಣ್ಣ ನನ್ನ ಕಡೆ" ಅಂತ ನನ್ನ ಗಂಡ ವಾರಗಟ್ಟಲೆ ಕಾಡಿಸಿದರು.

ಈಗ ಪಕ್ಷದ ವಿಷಯ. ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಆಗ ಯುರೋಪಿಯನ್ ಆರ್ಥಿಕ ಸಮುದಾಯ ಅಂತ ಹೆಸರಿದ್ದ ಈ ಒಕ್ಕೂಟಕ್ಕೆ ಬ್ರಿಟನ್ ಸೇರಿದ್ದು 1973ರ ಜನವರಿ 1ಕ್ಕೆ. ಸೇರಿಸಿದ್ದು ಕನ್ಸರ್ವೇಟಿವ್ ಪ್ರಧಾನಿ ಎಡ್ವರ್ಡ್ ಹೀತ್. ಎರಡೇ ವರ್ಷಕ್ಕೆ, 1975ರಲ್ಲಿ, "ಇರೋಣವಾ, ಬೇಡವಾ" ಅಂತ ಮೊದಲ ಜನಮತ ನಡೆಯಿತು. ಅದನ್ನು ನಡೆಸಿದ್ದು ಲೇಬರ್ ಸರ್ಕಾರ. ಯಾಕೆಂದರೆ ಆಗ ಜಗಳ ಇದ್ದಿದ್ದು ಲೇಬರ್ ಒಳಗೆ. ಪ್ರಧಾನಿ ಹೆರಾಲ್ಡ್ ವಿಲ್ಸನ್ ಇರೋಣ ಅಂದರು. ಟೋನಿ ಬೆನ್, ಬಾರ್ಬರಾ ಕಾಸಲ್ ಥರದ ಅವರದೇ ಮಂತ್ರಿಗಳು ಬೇಡವೇ ಬೇಡ, ಇದು ಶ್ರೀಮಂತರ ಕೂಟ ಅಂದರು. ಮಂತ್ರಿಗಳು ಬಹಿರಂಗವಾಗಿ ಎರಡು ಕಡೆ ಪ್ರಚಾರ ಮಾಡಬಹುದು ಅಂತ ವಿಲ್ಸನ್ನೇ ಒಪ್ಪಿಗೆ ಕೊಟ್ಟರು. ಆಗ ಯುರೋಪಿನ ದೇಶಗಳ ಬಾವುಟಗಳಿದ್ದ ಸ್ವೆಟರ್ ಹಾಕಿಕೊಂಡು "ಇರೋಣ" ಅಂತ ಓಡಾಡಿದವರು ಯಾರು ಹೇಳಿ? ಮಾರ್ಗರೆಟ್ ಥ್ಯಾಚರ್! 67 ಶೇಕಡಾ ಜನ ಇರೋಣ ಅಂದರು.

1983ರಲ್ಲಿ ಲೇಬರ್ ಪಕ್ಷದ ಪ್ರಣಾಳಿಕೆಯಲ್ಲೇ ಯುರೋಪ್ ಬಿಡುವ ಮಾತಿತ್ತು. ಆಮೇಲೆ ಎಲ್ಲ ತಿರುಗಾಮುರುಗಾ ಆಯಿತು. 1988ರ ಸೆಪ್ಟೆಂಬರಿನಲ್ಲಿ ಯುರೋಪಿಯನ್ ಆಯೋಗದ ಅಧ್ಯಕ್ಷ ಜಾಕ್ ಡೆಲೋರ್ ಬ್ರಿಟನ್ನಿನ ಕಾರ್ಮಿಕ ಸಂಘಗಳ ಸಮಾವೇಶಕ್ಕೇ ಬಂದು, ಯುರೋಪ್ ಅಂದರೆ ಬರೀ ವ್ಯಾಪಾರ ಅಲ್ಲ, ಕೆಲಸಗಾರರ ಹಕ್ಕೂ ಹೌದು ಅಂದರು. ಸಂಘದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದೇ ತಿಂಗಳು ಥ್ಯಾಚರ್ ಬೆಲ್ಜಿಯಂನ ಬ್ರೂಜ್‌ಗೆ ಹೋಗಿ, ನಾವು ಇಲ್ಲಿ ಸರ್ಕಾರದ ಕೈ ತೆಗೆದದ್ದು ಒಕ್ಕೂಟದ ಕಚೇರಿ ಇರುವ ಬ್ರಸೆಲ್ಸ್‌ನಿಂದ ಮತ್ತೆ ಅದೇ ಕೈ ಚಾಚಲಿ ಅಂತಲ್ಲ ಎಂಬ ಅರ್ಥದ ಭಾಷಣ ಮಾಡಿದರು. ಹದಿನೈದು ದಿನದೊಳಗೆ ಎರಡು ಪಕ್ಷಗಳೂ ಎದ್ದು ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಕೂತ ಹಾಗಾಯಿತು. ಆದರೆ ಹಳೆ ಕುರ್ಚಿ ಬಿಡದವರು ಎರಡೂ ಪಕ್ಷದಲ್ಲಿ ಉಳಿದರು. 1975ರಲ್ಲಿ ಬೇಡ ಅಂತ ಓಟು ಹಾಕಿದ್ದ ಜೆರೆಮಿ ಕಾರ್ಬಿನ್ 2016ರಲ್ಲಿ ಲೇಬರ್ ನಾಯಕರಾಗಿ ರಿಮೇನ್ ಅನ್ನಬೇಕಾಯಿತು. ಅವರ ಮಾತಿನಲ್ಲಿ ಬಿಸಿ ಇರಲಿಲ್ಲ ಅಂತ ಅವರದೇ ಪಕ್ಷದವರು ಇವತ್ತಿಗೂ ಗೊಣಗುತ್ತಾರೆ. ಆ ಕಡೆ ಕ್ಯಾಮರನ್ ಪಕ್ಷದ ಸುಮಾರು 140 ಸಂಸದರು ಪ್ರಧಾನಿಯ ಮಾತು ಮೀರಿ ಲೀವ್ ಅಂದರು.

ಆದ್ದರಿಂದ ಗೆರೆ ಇದ್ದಿದ್ದು ಪಕ್ಷ ಪಕ್ಷದ ನಡುವೆ ಅಲ್ಲ, ಪಕ್ಷದ ಹೊಟ್ಟೆಯೊಳಗೆ. ಮನೆಯೊಳಗೂ ಹೌದು. ಬೋರಿಸ್ ಜಾನ್ಸನ್ ಅವರ ಮನೆಯನ್ನೇ ನೋಡಿ. ಅಣ್ಣ ಲೀವ್ ಪಾಳಯದ ದಂಡನಾಯಕ. ತಮ್ಮ ಜೋ ರಿಮೇನ್. ತಂಗಿ ರೇಚಲ್ ರಿಮೇನ್, ಅದಕ್ಕಾಗಿ ಬೇರೆ ಪಕ್ಷವನ್ನೇ ಸೇರಿದರು. 2019ರ ಸೆಪ್ಟೆಂಬರಿನಲ್ಲಿ ಜೋ, ಅಣ್ಣನ ಮಂತ್ರಿಮಂಡಲದಲ್ಲಿದ್ದವರು, ಮನೆಯ ಮೇಲಿನ ನಿಷ್ಠೆ ಮತ್ತು ದೇಶದ ಹಿತ ಎರಡರ ನಡುವೆ ಸಿಕ್ಕಿಬಿದ್ದಿದ್ದೇನೆ ಅಂತ ರಾಜೀನಾಮೆ ಕೊಟ್ಟರು. ಈ ಕಥೆ ಹೇಳಿದರೆ ಮಾತ್ರ ಚಿಕ್ಕಪ್ಪನಿಗೆ ಖುಷಿ. ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ ಅಂದರೆ ಹಾಸನದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2019 ಅಂದಾಗ ಇನ್ನೊಂದು ನೆನಪಾಗುತ್ತದೆ. ಆ ಜುಲೈ 23ರಂದು ನಾನು ಬ್ರೇಕ್‌ನಲ್ಲಿ ಫೋನ್ ಹಿಡಿದು ಎರಡು ಸುದ್ದಿ ನೋಡುತ್ತಿದ್ದೆ. ಬೆಂಗಳೂರಿನಲ್ಲಿ ಕುಮಾರಸ್ವಾಮಿಯವರ ಸರ್ಕಾರ 99–105ರಲ್ಲಿ ವಿಶ್ವಾಸಮತ ಸೋತಿತು. ಅದೇ ದಿನ ಲಂಡನ್ನಿನಲ್ಲಿ ಬೋರಿಸ್ ಕನ್ಸರ್ವೇಟಿವ್ ನಾಯಕರಾಗಿ ಆಯ್ಕೆಯಾದರು. ಎರಡೂ ಕಡೆ ಸ್ವಂತ ಪಕ್ಷಕ್ಕೆ ತಿರುಗಿಬಿದ್ದವರದೇ ಸುದ್ದಿ. ನಮ್ಮಲ್ಲಿ 17 ಶಾಸಕರು ಅನರ್ಹರಾದರು. ಇಲ್ಲಿ ಸೆಪ್ಟೆಂಬರಿನಲ್ಲಿ, ಒಪ್ಪಂದ ಇಲ್ಲದೆ ಯುರೋಪ್ ಬಿಡುವುದು ಬೇಡ ಅಂತ ಸರ್ಕಾರದ ವಿರುದ್ಧ ಕೈ ಎತ್ತಿದ 21 ಕನ್ಸರ್ವೇಟಿವ್ ಸಂಸದರನ್ನು ಪಕ್ಷದ ಸಂಸದೀಯ ಗುಂಪಿನಿಂದ ಹೊರಹಾಕಿದರು. ಅದರಲ್ಲಿ ಚರ್ಚಿಲ್ ಅವರ ಮೊಮ್ಮಗ ನಿಕೊಲಸ್ ಸೋಮ್ಸ್ ಕೂಡ ಇದ್ದರು.

ಆದರೆ ವ್ಯತ್ಯಾಸ ಇರುವುದೇ ಇಲ್ಲಿ. ಬ್ರಿಟನ್ನಿನಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ. ವಿಪ್ ಮೀರಿದರೆ ಪಕ್ಷ ಹೊರಗೆ ಹಾಕಬಹುದು, ಸ್ಥಾನ ಕಿತ್ತುಕೊಳ್ಳಲಾಗದು. ಅದಕ್ಕೇ 2019ರ ಜನವರಿಯಲ್ಲಿ ಥೆರೆಸಾ ಮೇ ತಂದ, ಯುರೋಪ್ ಬಿಡುವ ಒಪ್ಪಂದ 432–202ರಲ್ಲಿ ಬಿತ್ತು. ವಿರುದ್ಧ ಹಾಕಿದವರಲ್ಲಿ 118 ಜನ ಅವರದೇ ಪಕ್ಷದವರು! ಅವರಲ್ಲೂ ಕೆಲವರಿಗೆ ಯುರೋಪಿನಿಂದ ದೂರ ಹೋದದ್ದು ಸಾಲದು ಅಂತ ಸಿಟ್ಟು, ಕೆಲವರಿಗೆ ಅದು ಜಾಸ್ತಿಯಾಯಿತು ಅಂತ ಸಿಟ್ಟು. ಮಾರ್ಚಿನಲ್ಲಿ ಸಂಸತ್ತು ಎಂಟು ದಾರಿಗಳನ್ನು ಮುಂದಿಟ್ಟುಕೊಂಡು ಮತ ಹಾಕಿತು, ಎಂಟನ್ನೂ ತಿರಸ್ಕರಿಸಿತು. ಓಟಿನ ಚೀಟಿಯಲ್ಲಿ ಇದ್ದಿದ್ದು ಇರುವುದಾ, ಬಿಡುವುದಾ ಅಂತ ಎರಡೇ. ಬಿಟ್ಟ ಮೇಲೆ ಹೇಗೆ ಅಂತ ನಮ್ಮನ್ನು ಯಾರೂ ಕೇಳಿರಲಿಲ್ಲ. ನಾನು ನನ್ನ ಅರ್ಧ ಅಂಕದ ಸಿಟ್ಟಿಗೆ ಹಾಕಿದ್ದೆ. ಒಕ್ಕೂಟದಲ್ಲೇ ಉಳಿಯುವ ಐರ್ಲೆಂಡಿಗೂ ನಮ್ಮ ಜೊತೆ ಹೊರಬರುವ ಉತ್ತರ ಐರ್ಲೆಂಡಿಗೂ ನಡುವಿನ ಗಡಿಯ ಬಗ್ಗೆ ಒಂದು ನಿಮಿಷ ಯೋಚಿಸಿರಲಿಲ್ಲ. ಆ ಗಡಿಯೇ ಮೂರು ವರ್ಷ ಎಲ್ಲರ ಕಾಲಿಗೆ ತೊಡರಿತು.

ಪಕ್ಷ ಮೀರಿದವರ ಗತಿ ಏನಾಯಿತು? ಕರ್ನಾಟಕದಲ್ಲಿ ಡಿಸೆಂಬರ್ 5ರ ಉಪಚುನಾವಣೆಯ 15 ಕ್ಷೇತ್ರಗಳಲ್ಲಿ 12 ಬಿಜೆಪಿಗೆ ಹೋದವು. ಪಕ್ಷ ಬಿಟ್ಟ ಹೆಚ್ಚಿನವರು ಗೆದ್ದು ಬಂದರು. ಒಂದು ವಾರ ಕಳೆದು, ಡಿಸೆಂಬರ್ 12ಕ್ಕೆ, ಇಲ್ಲಿ ಚುನಾವಣೆ. ನಮ್ಮ ಪಕ್ಕದ ಬೀಕನ್ಸ್‌ಫೀಲ್ಡ್‌ನಲ್ಲಿ 1997ರಿಂದ ಗೆಲ್ಲುತ್ತಾ ಬಂದಿದ್ದ, ಆ 21 ಜನರಲ್ಲಿ ಒಬ್ಬರಾದ ಡೊಮಿನಿಕ್ ಗ್ರೀವ್ ಸ್ವತಂತ್ರರಾಗಿ ನಿಂತು ಸೋತರು. ಲೇಬರ್ ಬಿಟ್ಟವರು, ಕನ್ಸರ್ವೇಟಿವ್ ಬಿಟ್ಟವರು, ಹೊಸ ಚಿಹ್ನೆಯಡಿ ನಿಂತ ಒಬ್ಬರೂ ಗೆಲ್ಲಲಿಲ್ಲ. ಜನ ನಾಯಕರ ಹಿಂದೆ ಹೋಗಲಿಲ್ಲ. ಆದರೆ ತಾವೇ ಪಕ್ಷ ಬದಲಾಯಿಸಿದರು, ಅದೂ ಲಕ್ಷಗಟ್ಟಲೆ. ಗಣಿ ಮುಚ್ಚಿದ ಊರುಗಳು, ತಾತನ ಕಾಲದಿಂದ ಲೇಬರ್ ಬಿಟ್ಟು ಬೇರೆಯವರನ್ನು ಕಣ್ಣೆತ್ತಿ ನೋಡದ ಊರುಗಳು ಕನ್ಸರ್ವೇಟಿವ್‌ಗೆ ಹೋದವು. ಬೋಲ್ಸೋವರ್‌ನಲ್ಲಿ 1970ರಿಂದ ಸಂಸದರಾಗಿದ್ದ ಹಳೆ ಗಣಿ ಕಾರ್ಮಿಕ ಡೆನಿಸ್ ಸ್ಕಿನ್ನರ್ ಸೋತರು. ಲೇಬರ್ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ಗೆಲ್ಲುತ್ತಿದ್ದ ಸೆಜ್‌ಫೀಲ್ಡ್ ಕೂಡ ಕೈಬಿಟ್ಟಿತು. ಬೋರಿಸ್‌ಗೆ 365 ಸ್ಥಾನ. 2020ರ ಜನವರಿ 31ಕ್ಕೆ ಬ್ರಿಟನ್ ಹೊರಬಂತು.

ಇದೇ ಚಿಕ್ಕಪ್ಪನ ಪ್ರಶ್ನೆಗೆ ನನ್ನ ಉತ್ತರ. ಪಕ್ಷ ಹೇಳಿತು, ಜನ ಕೇಳಿದರು ಅನ್ನುವ ಹಾಗೆ ಇದು ನಡೆಯಲಿಲ್ಲ. ಯುರೋಪಿನ ಬಗ್ಗೆ ಮನಸ್ಸು ಮೊದಲೇ ಮಾಡಿಕೊಂಡಿದ್ದ ಜನ ಅದಕ್ಕೆ ಹೊಂದುವ ಪಕ್ಷ ಹುಡುಕಿಕೊಂಡರು. ನನ್ನ ವಾರ್ಡಿನಲ್ಲಿ "ನಾನು ಲೇಬರ್" ಅಂತ ಹೇಳಿಕೊಳ್ಳುವವರು ಕಡಿಮೆಯಾಗಿ, "ನಾನು ಲೀವರ್", "ನಾನು ರಿಮೇನರ್" ಅನ್ನುವವರು ಜಾಸ್ತಿಯಾಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಊಟದ ಟೇಬಲ್ ಕೂಡ ಹಾಗೇ ಬೇರೆಯಾಗಿತ್ತು. ನನಗೆ ಯಾವ ಟೇಬಲ್ಲಿಗೆ ಹೋಗಲೂ ಮುಜುಗರ. ಪೋರ್ಚುಗಲ್ ಹುಡುಗಿ 2018ರಲ್ಲಿ ಊರಿಗೆ ವಾಪಸ್ ಹೋದಳು. ನಾನು ಯಾವುದಕ್ಕೆ ಓಟು ಹಾಕಿದೆ ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳ ಜಾಗಕ್ಕೆ ಕೇರಳದಿಂದ ಒಬ್ಬಳು ಬಂದಳು.

ಅಂದ ಹಾಗೆ, ಹೊರಗಿನವರು ಕಡಿಮೆಯಾಗಲಿ ಅಂತ ಲೀವ್ ಹಾಕಿದವರಿಗೆ ಆಗಿದ್ದೂ ತಮಾಷೆಯೇ. ಯುರೋಪಿನವರು ಬರುವುದು ಬಹಳ ಕಡಿಮೆಯಾಯಿತು. ಭಾರತದಿಂದ, ನೈಜೀರಿಯಾದಿಂದ ನರ್ಸ್‌ಗಳು, ಆರೈಕೆಯವರು, ವಿದ್ಯಾರ್ಥಿಗಳು ಬಂದರು. 2023ರ ಜೂನ್‌ವರೆಗಿನ ಒಂದು ವರ್ಷದಲ್ಲಿ ದೇಶಕ್ಕೆ ಬಂದವರಲ್ಲಿ ಹೋದವರನ್ನು ಕಳೆದರೂ 9 ಲಕ್ಷದ ಮೇಲೆ ಉಳಿಯಿತು. ಆ ಸಿಟ್ಟು ಈಗ ರಿಫಾರ್ಮ್ ಅನ್ನುವ ಪಕ್ಷದ ಕಡೆ ಹರಿಯುತ್ತಿದೆ. 2024ರ ಜುಲೈನಲ್ಲಿ ಕನ್ಸರ್ವೇಟಿವ್ 121 ಸ್ಥಾನಕ್ಕೆ ಕುಸಿಯಿತು. ಪ್ರಚಾರದಲ್ಲಿ ಬ್ರೆಕ್ಸಿಟ್ ಹೆಸರನ್ನು ಎರಡೂ ದೊಡ್ಡ ಪಕ್ಷದವರು ಹೆಚ್ಚು ಎತ್ತಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಅವರ ಅಪ್ಪ 1930ರ ದಶಕದಲ್ಲಿ ವೇಲ್ಸ್‌ನ ಗಣಿ ಕೆಲಸ ಇಲ್ಲವಾಗಿ ಸ್ಲೌನ ಕಾರ್ಖಾನೆ ಹುಡುಕಿಕೊಂಡು ಬಂದವರಂತೆ. ಮನೆತನದಲ್ಲಿ ಲೇಬರ್ ಬಿಟ್ಟು ಬೇರೆ ಹೆಸರಿಲ್ಲ. 1975ರಲ್ಲಿ ಟೋನಿ ಬೆನ್ ಮಾತು ಕೇಳಿ ಬೇಡ ಅಂದರು. 2016ರಲ್ಲಿ ಯಾರ ಮಾತೂ ಕೇಳದೆ ಬೇಡ ಅಂದರು. ಲಂಡನ್ನಿನಲ್ಲಿರುವ ಮಗಳು ಎರಡು ಕ್ರಿಸ್‌ಮಸ್ ಮನೆಗೆ ಬರಲಿಲ್ಲ. 2019ರಲ್ಲಿ ಜೀವನದಲ್ಲಿ ಮೊದಲ ಸಲ ಕನ್ಸರ್ವೇಟಿವ್‌ಗೆ ಹಾಕಿದರು. "ಅಪ್ಪನ ಫೋಟೊ ನೋಡೋಕೆ ಆಗಲಿಲ್ಲ" ಅಂತ ಆಮೇಲೆ ನನ್ನ ಹತ್ತಿರ ಹೇಳಿದ್ದರು.

2024ರ ಚುನಾವಣೆಯ ಸಂಜೆ ಅವರಿಗೆ ಒಂದು ಡಬ್ಬಿಯಲ್ಲಿ ಪುಳಿಯೋಗರೆ ಕೊಡಲು ಹೋದೆ. ಈ ಸಲ ಯಾರಿಗೆ ಹಾಕಿದಿರಿ ಅಂತ ಕೇಳಿದೆ.

"ಈ ಸಲ ನಾನು ರಿಮೇನ್ ಕಣಮ್ಮ" ಅಂದರು. "ಮನೆಯಲ್ಲೇ ಉಳಿದೆ."