ಉಂಡು ಹೋಗ್ರಿ

ಇವತ್ತ ಎಳ್ಳ ಅಮಾಸಿ. ಆಳಂದ ಕಡಿ ನಮ್ಮೂರಾಗ ಮುಂಜಾನೆಯಿಂದ ಬಜಾರ ಖಾಲಿ. ಚಹಾದಂಗಡಿ ಸುದ್ದಾ ಬಂದ್. ಎಲ್ಲರೂ ಹೊಲಕ್ಕ.

ಬಾಜೂ ಹೊಲದ ಕಾಕಾ ಭೂಮಿತಾಯಿಗಿ ನೈವೇದ್ಯ ಅಂತ ಹೊಲದಾಗ ಚರಗ ಚೆಲ್ಲಿದ್ದೇ ತಡ, ರಸ್ತಾಕ್ಕ ಬಂದು ನಿಂತುಬಿಟ್ಟ. ಬೈಕಿನವರು, ಆಟೋದವರು, ಯಾರು ಕಂಡ್ರೂ ಒಂದೇ ಮಾತು: "ಬರ್ರಿ, ಉಂಡು ಹೋಗ್ರಿ."

ಮೊಬೈಲ್ ಟವರ್ ಕೆಲಸಕ್ಕ ಬಂದ ಬಿಹಾರದ ಹುಡುಗ್ರು ಇಬ್ಬರು ಅಂಜಕೋತನೇ ಬಂದು ಕುಂತ್ರು. ಕಾಕಿ ಸೌಟು ತುಂಬ ಭಜ್ಜಿ ಹಾಕಿದಳು. ಹಸಿ ತೊಗರಿಕಾಳು, ಅವರಿ, ಹಸಿಕಡ್ಲಿ, ಗಜ್ಜರಿ, ಮೆಂತ್ಯಪಲ್ಯ ಎಲ್ಲಾ ಕೂಡಿ ಕುದ್ದು ಗಟ್ಟಿಯಾಗಿತ್ತು, ಇನ್ನೂ ಹಬಿ ಆಡ್ತಿತ್ತು. ಸಣ್ಣಾಂವ ಸಜ್ಜಿ ರೊಟ್ಟಿ ಮುರಿದ್ರ ಎಳ್ಳು ಪಟಪಟ ಎಲಿ ಮ್ಯಾಲ ಉದುರಿದವು. ಆಂವ ಒಂದೊಂದೇ ಎಳ್ಳು ಬೆರಳಿಗಿ ಹಚ್ಚಕೊಂಡು ತಿಂದ. ಅದನ್ನೇ ನೋಡಕೋತ ಕುಂತೆ ನಾ.

ಕಾಕಾನ ಹೊಲದಾಗ ಈ ಸಲ ಅರ್ಧ ತೊಗರಿ ನೆಟಿ ರೋಗಕ್ಕ ಒಣಗ್ಯಾದ. ನಮ್ಮ ಕಲಬುರಗಿ ತೊಗರಿಬ್ಯಾಳಿಗಿ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ನೆಲದ್ದೇ ಮಾಲು ಅನ್ನೋ ಸರಕಾರಿ ಗುರ್ತು, ಬಂತು, ಹೆಸರು ದೊಡ್ಡದಾಯ್ತು, ಖರೆ. ಬೆಳದಾವನ ಲೆಕ್ಕ ಮಾತ್ರ ಇನ್ನೂ ಕೂಡವಲ್ದು. ಅಂಥಾದ್ರಾಗೂ ಈ ಮನಿಷಾ ಗುರ್ತಿಲ್ಲದವರ ಕೈ ಹಿಡದು ಕರದು ಉಣಸ್ತಾನಲ್ಲ! ನಂಗ ಖರೇನ ಎದಿ ತುಂಬಿ ಬಂತು. ಇಂಥಾ ನೆಲದಾಗ ಹುಟ್ಟೀನಿ ಅಂತ ಹೆಮ್ಮಿ ಅನಿಸ್ತು.

ಪುಣೆ, ಬೆಂಗಳೂರಾಗ ಇರೋ ದೋಸ್ತರ, ಮುಂದಿನ ಎಳ್ಳ ಅಮಾಸಿಗಿ ರಜಾ ಈಗೇ ಕೇಳಿ ಇಡ್ರಿ. ಕಾಕಾ ನಿಮ್ಮ ಹೆಸರು ಹಿಡದು ಹಿಡದು ಕೇಳ್ಯಾನ.