ಎಣಿಕೆ ಜಾಸ್ತಿಯಾಗಿದೆ, ಜಾಗ?

ಇವತ್ತು ಬೆಳಿಗ್ಗೆಯಿಂದ ತಲೆಯಲ್ಲಿ ಹುಲಿಯದ್ದೇ ಯೋಚನೆ. 2006ರಲ್ಲಿ ಭಾರತದಲ್ಲಿದ್ದ ಹುಲಿಗಳ ಅಂದಾಜು ಸಂಖ್ಯೆ 1,411. 2022ರ ಅಂದಾಜಿನಲ್ಲಿ ಅದು 3,682. ನಿಜಕ್ಕೂ ಖುಷಿಯ ವಿಷಯ. ಆದರೆ ಇವೆಲ್ಲ ಎಲ್ಲಿಗೆ ಹೋಗಿ ಬದುಕಬೇಕು?

ಮರಿಗಳು ಸುಮಾರು ಎರಡು ವರ್ಷ ತಾಯಿಯ ಜೊತೆ ಇರುತ್ತವೆ. ಬೇಟೆ ಕಲಿಯುವುದು ಅಲ್ಲೇ. ಆಮೇಲೆ ಪ್ರತಿಯೊಂದೂ ತನ್ನ ಜಾಗ ತಾನೇ ಹುಡುಕಿಕೊಳ್ಳಬೇಕು. ಹೆಣ್ಣುಮರಿಗೆ ಎಷ್ಟೋ ಸಲ ತಾಯಿಯ ಪಕ್ಕದಲ್ಲೇ ಜಾಗ ಸಿಗುತ್ತದೆ. ಗಂಡು ಸಾಮಾನ್ಯವಾಗಿ ದೂರ ಹೋಗಬೇಕು. ಹೋದಲ್ಲೆಲ್ಲ ಬೇರೆ ಹುಲಿಗಳ ಗುರುತು. ಮರಕ್ಕೆ ಸಿಂಪಡಿಸಿದ ಮೂತ್ರದ ವಾಸನೆ, ತೊಗಟೆಯ ಮೇಲೆ ಉಗುರಿನ ಗೀರು. 'ಇಲ್ಲಿ ನಾನಿದ್ದೇನೆ, ನೀನು ಮುಂದೆ ನಡೆ' ಅಂತ. ಎದುರುಬದುರಾಗಿ ಕಾದಾಡುವುದು ಎಷ್ಟೋ ತಪ್ಪುವುದು ಇದರಿಂದಲೇ. ಎಷ್ಟು ಚೆಂದದ ಏರ್ಪಾಡು ಅಲ್ವಾ!

ಅದನ್ನೆಲ್ಲ ದಾಟಿ ಮುಂದೆ ಹೋದರೆ ಕಾಡೇ ಮುಗಿದಿರುತ್ತದೆ. ಹೆದ್ದಾರಿ, ಹೊಲ, ಊರು. ಅಲ್ಲಿ ಹುಲಿ ದನ ಹಿಡಿದರೆ ರೈತನ ನಷ್ಟವೂ ಸಣ್ಣದಲ್ಲ. ಪರಿಹಾರ ತಡವಾದರೆ ಅವರಿಗೆ ಸಿಟ್ಟು ಬರುವುದು ನ್ಯಾಯವೇ.

ಕಾಡಿನಿಂದ ಕಾಡಿಗೆ ದಾರಿ ಉಳಿಸುವುದು ಅದಕ್ಕೇ ಇಷ್ಟು ಮುಖ್ಯ. ಮಧ್ಯಪ್ರದೇಶ-ಮಹಾರಾಷ್ಟ್ರ ಗಡಿಯಲ್ಲಿರುವ ಪೆಂಚ್ ಹುಲಿ ಕಾಡಿನ ಬಳಿ ಹೆದ್ದಾರಿಯನ್ನೇ ಎತ್ತರಿಸಿ, ಕೆಳಗೆ ಪ್ರಾಣಿಗಳಿಗೆ ದಾರಿ ಬಿಟ್ಟಿದ್ದಾರೆ. ಹುಲಿಗಳು ಅದರಲ್ಲಿ ಓಡಾಡುವುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ಕಾಡಿನ ನಡುವೆ ಹೋಗುವ ಪ್ರತಿ ಹೊಸ ರಸ್ತೆಗೂ, ನಕ್ಷೆ ಬರೆಯುವ ಹಂತದಲ್ಲೇ, ಇದನ್ನು ಕಡ್ಡಾಯ ಮಾಡಬೇಕು.